ಹೊಲಿಗೆಯಕ್ಕ ನಕ್ಕ ತಪ್ಪು

ಹೊಲಿಗೆಯಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಮಾತೆಲ್ಲ ಕೈಯಲ್ಲೇ. ಮಗಳಿಗೆ ಕಿವಿಯೂ ಇದೆ, ನಾಲಿಗೆಯೂ ಇದೆ. ಆದರೂ ಅಮ್ಮನೆದುರು ಬಾಯಿಯ ಜೊತೆ ಕೈಯೂ ಆಡುತ್ತದೆ, ತೊಟ್ಟಿಲಿನಿಂದ ಬಂದ ಅಭ್ಯಾಸ. ಅವಳು ಮದುವೆಯಾಗಿ ದೂರದ ಊರು ಸೇರಿದ ಮೇಲೆ ಇಬ್ಬರ ಹರಟೆಯೂ ಫೋನಿನ ಪರದೆಯ ಮೇಲೇ.

ಆವತ್ತು ಮಗಳು ಆಸ್ಪತ್ರೆಯ ಮಂಚದಿಂದ ಕರೆದಳು. ಸಂಜೆಗೆ ಹೊಟ್ಟೆಯ ಆಪರೇಷನ್. ಅವಳ ಕೈ ಎದೆಯವರೆಗೆ ಬಂದದ್ದೇ ಚಿತ್ರದಲ್ಲಿ ಕಲ್ಲಾಯಿತು, ಚೌಕ ಚೌಕವಾಗಿ ಒಡೆಯಿತು. ಇದೇನು ಹೊಸದಲ್ಲ. ಇಂಥ ಹೊತ್ತಿನಲ್ಲಿ ನಕ್ಕು ತಲೆಯಾಡಿಸಿ 'ಒಳ್ಳೇದು, ಒಳ್ಳೇದು' ಎಂದು ಕೈಯಾಡಿಸಿಬಿಡುವುದು ಅಕ್ಕನ ರೂಢಿ. ಹಾಗೇ ಮಾಡಿದಳು.

ಒಳಗೆ ಇಸ್ತ್ರಿ ಹಾಕುತ್ತಿದ್ದ ಗಂಡ ಓಡಿಬಂದ. ಅವನಿಗೆ ದನಿ ಕೇಳಿತ್ತು. 'ಭಯ ಆಗ್ತಿದೆ ಅಮ್ಮಾ ಅಂತಿದಾಳೆ ಕಣೇ, ನಗ್ತೀಯಲ್ಲ!' ಎಂದು ಕೈಯಲ್ಲಿ ಹೇಳುವಷ್ಟರಲ್ಲಿ ಮಗಳು ಫೋನ್ ಇಟ್ಟಾಗಿತ್ತು.

ಅಕ್ಕನ ಮೈಯೆಲ್ಲ ಉರಿದುಹೋಯಿತು. ಕತ್ತರಿ ಬಿಸಾಕಿ, ಗಂಡನ ರಟ್ಟೆ ಹಿಡಿದು, ಇಂಟರ್ನೆಟ್ ಹಾಕಿಕೊಟ್ಟ ಲೈನಿನವನ ಅಂಗಡಿಗೆ ನುಗ್ಗಿದಳು.

"ಧ್ವನಿ ಚೆನ್ನಾಗೇ ಬರುತ್ತಲ್ಲ ಅಣ್ಣಾ, ಇನ್ನೇನಾಗ್ಬೇಕು?" ಎಂದ ಅವನು, ಚಿತ್ರ ಒಡೆಯುತ್ತದೆಂದು ಗಂಡ ದೂರಿದ್ದಕ್ಕೆ.

ಅಕ್ಕನ ಕೈಗಳು ಅವನ ಏಳು ತಲೆಮಾರನ್ನೂ ಜಾಲಾಡಿದವು. "ಸ್ವಲ್ಪ ಬೇಗ ನೋಡಪ್ಪಾ ಅಂತಾಳೆ," ಎಂದ ಗಂಡ. ತಾನು ಅಷ್ಟುದ್ದ ಬೈದರೆ ಇವನ ತುಟಿ ಇಷ್ಟೇ ಆಡಿದ್ದು ಅವಳಿಗೆ ಕಾಣದೇ? ಗಂಡನಿಗೊಂದು ಚಿವುಟು ಬಿತ್ತು.

ಲೈನಿನವನನ್ನು ಮನೆಗೇ ಎಳೆದು ತಂದಳು. ಮಗಳಿಗೆ ಮತ್ತೆ ಫೋನ್ ಹಚ್ಚಿ, ಅವನ ಎರಡೂ ಕಿವಿ ಒತ್ತಿ ಮುಚ್ಚಿ, ಮುಖವನ್ನು ಒಡೆದ ಚಿತ್ರದ ಮುಂದೆ ಹಿಡಿದಳು. "ಏನಂದ್ಲು, ಹೇಳು ಅಂತಾಳೆ," ಎಂದ ಗಂಡ, ಅವಳು ಕಿವಿ ಬಿಟ್ಟ ಮೇಲೆ.

ಅವನು ಕತ್ತು ಕೆರೆದುಕೊಂಡ. "ದನಿಗೆ ಕಾಲುದಾರಿ ಸಾಕಣ್ಣಾ. ಆಡೋ ಕೈ ಬರೋಕೆ ಅಗಲದ ರಸ್ತೆ ಬೇಕು. ಗಾಳೀಲೂ ಬೇರೆ ಬೇರೆ ಚಾನೆಲ್ ಇರ್ತವೆ. ಈ ಕಟ್ಟಡದ ಎಲ್ಲಾ ವೈಫೈ ಡಬ್ಬೀನೂ ನಾನು ಆರನೇ ಚಾನೆಲ್ಲಿಗೇ ಇಟ್ಟಿದೀನಿ. ಒಂದೇ ದಾರೀಲಿ ನೂಕಾಡ್ತಿವೆ."

"ಯಾಕಪ್ಪಾ ಆರು?"

"ಅದು ನನ್ನ ಲಕ್ಕಿ ನಂಬರ್."

ಇದನ್ನು ಹೆಂಡತಿಗೆ ತಿಳಿಸಲು ಗಂಡ ಹಿಂದೆಮುಂದೆ ನೋಡಿದ. ತಿಳಿಸಿದ. ಅಕ್ಕ ಬಟ್ಟೆ ಅಳೆಯುವ ಮರದ ಪಟ್ಟಿ ಎತ್ತಿಕೊಂಡಳು. ಅವಳ ಮನೆಯ ಡಬ್ಬಿಗೆ ಬೇರೆ ಚಾನೆಲ್ ಬೀಳಲು ತಡವಾಗಲಿಲ್ಲ.

ಮತ್ತೆ ಕರೆ ಹಚ್ಚಿದಾಗ ಮಗಳ ಬೆರಳು ಬೆರಳೂ ಕಂಡಿತು. 'ಯಾಕಮ್ಮ ನಕ್ಕೆ?'

'ನಿನ್ನ ಕೈ ಕಾಣಲಿಲ್ಲ ಕಂದಾ. ಮೊದಲಿಂದ ಹೇಳು.'

"ಸರಿಹೋಯ್ತಲ್ಲ ಅಕ್ಕಾ?" ಎಂದು ಲೈನಿನವನು ನಡುವೆ ತಲೆ ತೂರಿಸಿದ. ಅಕ್ಕ ಪರದೆಯಿಂದ ಕಣ್ಣು ಕೀಳದೆ ಎಡಗೈ ಬೀಸಿದಳು.

"ಏನಂತಣ್ಣಾ?"

"ಉಳಿದ ಮನೆಗಳದ್ದೂ ಸರಿಮಾಡಿ, ನಿನ್ನ ಆರನ್ನ ನಿನ್ನ ಹಣೆಗೇ ಅಂಟಿಸ್ಕೊಂಡು ತೊಲಗು ಅಂತೆ," ಎಂದ ಗಂಡ. ಈ ಸಲ ಅವನು ಒಂದಕ್ಷರವನ್ನೂ ನುಂಗಲಿಲ್ಲ.