ಹದ್ದಿನ ಪಾಲು

ಮೊಟ್ಟೆಯನ್ನೂ ಮುಟ್ಟದ ನಾನು ಪರದೇಶದ ಮಿಲ್ಟನ್ ಎಂಬ ಊರಿನ ಬೇಟೆ ಸಾಮಾನಿನ ಅಂಗಡಿಯಲ್ಲಿ ರೈಫಲ್ ಗುಂಡು ಮಾರುತ್ತಿದ್ದೆ. ಡಬ್ಬಿಗಳ ಮೇಲೆ ಬರೆದಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.

ಒಂದು ದಿನ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೌಂಟರಿಗೆ ಬಂದರು. "ಇದು ತಗೊಳ್ಳಿ ಮೇಡಂ, ಸೀಸದ್ದು. ಜಿಂಕೆಗೂ ಆಗುತ್ತೆ, ಕಾಡುಹಂದಿಗೂ ಆಗುತ್ತೆ" ಅಂದೆ.

"ಇಲ್ಲಿ ಕಾಡುಹಂದಿ ಹೊಡೆಯೋ ಹಾಗೇ ಇಲ್ಲವಲ್ಲ" ಅಂತ ನಕ್ಕರು. "ಜಿಂಕೆಗೆ ತಾಮ್ರದ ಗುಂಡು ಕೊಡಿ."

"ಯಾಕೆ? ಜಿಂಕೆಗೆ ಸೀಸದ್ದೇ ಸಾಕಲ್ಲ?"

"ಜಿಂಕೆಗೆ ಸಾಕು. ಆದರೆ ಸೀಸ ಒಳಗೆ ಚೂರುಚೂರಾಗುತ್ತೆ. ಕರುಳನ್ನ ನಾನು ಕಾಡಲ್ಲೇ ಬಿಟ್ಟು ಬರ್ತೀನಿ, ಹದ್ದು ಬಂದು ತಿನ್ನುತ್ತೆ. ಅದಕ್ಕೆ ವಿಷ ಇಟ್ಟ ಹಾಗಾಗಬಾರದು."

ಲೈಸೆನ್ಸ್ ನೋಡಿ, ತಾಮ್ರದ ಗುಂಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟೆ. ಬೇಟೆಗೆ ಹೊರಟವರ ಮೇಲೆ ನನಗೆ ಗೌರವ ಹುಟ್ಟಿದ್ದು ಅದೇ ಮೊದಲು.

ಮೈಸೂರಲ್ಲಿ ಅಜ್ಜನ ತಿಥಿಯ ದಿನ ನಾವೂ ತಾರಸಿಯ ಮೇಲೆ ಕಾಗೆಗೆ ಅನ್ನ ಇಟ್ಟು, ಕಾ ಕಾ ಅಂತ ಕರೆಯುತ್ತಿದ್ದೆವು. ಕಾಗೆ ಮುಟ್ಟುವ ತನಕ ನಮಗೆ ಊಟವಿಲ್ಲ. ಎಷ್ಟು ಹೊತ್ತಿಗೆ ಬರುತ್ತೋ ಅಂತ ಎಲ್ಲರೂ ಆಕಾಶ ನೋಡುತ್ತಿದ್ದೆವು. ಅನ್ನದಲ್ಲಿ ಕಲ್ಲಿದೆಯಾ ಅಂತ ಒಬ್ಬರೂ ನೋಡುತ್ತಿರಲಿಲ್ಲ.