ಸುಲ್ತಾನ್ ಬಜಾರಿನಲ್ಲಿ ಸಿಕ್ಕ ಶಿರಾ-ಉಪ್ಪಿಟ್ಟು

ಗುಲ್ಬರ್ಗಾದಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಆರು ತಾಸಿನ ದಾರಿ. ಆಗ ಟಿಕೆಟ್ಟು ನೂರಿಪ್ಪತ್ತು ರೂಪಾಯಿಯ ಆಸುಪಾಸಿನಲ್ಲಿತ್ತು. ಒಂದು ಶನಿವಾರ ಬೆಳಿಗ್ಗೆ ಹೊರಟ ನನ್ನ ಹೆಗಲ ಚೀಲದಲ್ಲಿ ಒಂದು ಕ್ಯಾಮೆರಾ, ಅಂಗೈಯಗಲದ ರೆಕಾರ್ಡರು ಮತ್ತು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಇದ್ದವು. ಇವುಗಳಿಂದ ಏನು ಮಾಡಬೇಕು ಎನ್ನುವುದು ಮಾತ್ರ ನನಗೆ ಅರ್ಧಂಬರ್ಧ ತಿಳಿದಿತ್ತು.

ಬೆಂಗಳೂರಿನ ನಾಲ್ಕು ಜನ ಗೆಳೆಯರು ಸೇರಿ ಒಂದು ವೆಬ್‌ಸೈಟ್ ಮಾಡುತ್ತಿದ್ದರು. ಪರದೆಯ ಮೇಲೆ ಹೈದರಾಬಾದಿನ ನಕ್ಷೆ ಇರುತ್ತದೆ. ಒಂದು ಗಲ್ಲಿಯ ಮೇಲೆ ಒತ್ತಿದರೆ ಅಲ್ಲಿನ ಮನೆಯ ಚಿತ್ರ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಆ ಮನೆಯವರ ದನಿ ಕೇಳುತ್ತದೆ. "ಚಾರ್‌ಮಿನಾರ್ ಬೇಡ, ಬಿರಿಯಾನಿ ಬೇಡ, ಗಾಜಿನ ಕಟ್ಟಡಗಳೂ ಬೇಡ. ಅಲ್ಲಿರುವ ಕನ್ನಡದವರ ದಿನನಿತ್ಯದ ಮಾತು ತನ್ನಿ" ಎಂದು ಹೇಳಿದ್ದರು. ಸಣ್ಣಪುಟ್ಟ ಪತ್ರಿಕೆಗಳಿಗೆ ಬರೆದುಕೊಂಡಿದ್ದ ನಾನು ಒಪ್ಪಿಕೊಂಡುಬಿಟ್ಟಿದ್ದೆ. ಒಪ್ಪಿಕೊಂಡ ಮೇಲೆ ಯೋಚಿಸುವುದು ನನ್ನ ಹಳೆಯ ಚಾಳಿ.

ಪಕ್ಕದ ಮನೆಯ ಕಮಲಾಬಾಯಿ, ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿದ್ದ ಗೋವಿಂದರಾಯರ ಮನೆಯ ಫೋನ್ ನಂಬರು ಕೊಟ್ಟು, ಅವರಿಗೊಬ್ಬ ಮಗಳಿದ್ದಾಳೆ ಎಂದಿದ್ದರು. ಫೋನ್ ಎತ್ತಿದವರು ಅವರ ಹೆಂಡತಿ ಸುಮಿತ್ರಾಬಾಯಿ. ವೆಬ್‌ಸೈಟಿನ ವಿಷಯವನ್ನೆಲ್ಲ ವಿವರಿಸಿದೆ. "ಗುಲ್ಬರ್ಗಾದಿಂದ ಬರ್ತೀನ್ರಿ. ನಿಮ್ಮ ಮನಿ ನೋಡಬೇಕು, ಮಗಳ ಜೋಡಿ ಮಾತಾಡಬೇಕು, ಒಂದೆರಡು ಫೋಟೋ ತಗೀಬೇಕು" ಎಂದೆ. ಆ ಕಡೆ ಟೀವಿ ಸಣ್ಣ ಮಾಡಿಸಿದ್ದು ಕೇಳಿಸಿತು. ಆಮೇಲೆ, "ಅವಶ್ಯ ಬರ್ರಿ, ಅವಶ್ಯ ಬರ್ರಿ" ಎಂಬ ಮಾತು ಎರಡೆರಡು ಸಲ ಬಂತು. ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಹುಮನಾಬಾದಿನಲ್ಲಿ ಚಹಾ, ಜಹೀರಾಬಾದಿನಲ್ಲಿ ಮಿರ್ಚಿ ಭಜಿ. ಪಟಾನ್‌ಚೆರು ದಾಟಿದ ಮೇಲೆ ಬಸ್ಸು ತೆವಳತೊಡಗಿತು. ರಸ್ತೆ ಎಲ್ಲಿ ನೋಡಿದರಲ್ಲಿ ಅಗೆದಿತ್ತು. ಅಮೀರ್‌ಪೇಟ್ ಬಂದಾಗ ನನಗೆ ಕಟ್ಟಡಗಳೇ ಕಾಣಲಿಲ್ಲ, ಬರೀ ಬೋರ್ಡುಗಳು ಕಂಡವು. ಒಂದರ ಮೇಲೊಂದು ಕಂಪ್ಯೂಟರ್ ಕೋರ್ಸಿನ ಹೆಸರುಗಳು, ಕೆಳಗೆ ಎದೆಗೆ ಫೈಲು ಅವುಚಿಕೊಂಡು ಅವಸರದಲ್ಲಿ ನಡೆಯುವ ಹುಡುಗ ಹುಡುಗಿಯರು. ಫೋಟೋ ತೆಗೆಯಲು ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಆಟೋದವನನ್ನು ಹಿಂದಿಯಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರಿಸಿದ. ನನ್ನ ಹರುಕು ತೆಲುಗಿಗೆ ಅವನು ಹಿಂದಿಯಲ್ಲಿ ನಕ್ಕ. ಬಜಾರಿಗೆ ಅಂಟಿಕೊಂಡ ಕೋಠಿಯಲ್ಲಿ ಇಳಿಸಿ, ಇನ್ನು ನಡೆಯಿರಿ ಎಂದು ಕೈ ಮಾಡಿದ. ಬಳೆ, ಬಕೀಟು, ಒಳಲಂಗ, ಸ್ಟೀಲ್ ಡಬ್ಬಿಗಳ ನಡುವೆ ಒಂದೇ ಗಲ್ಲಿಗೆ ಮೂರು ಸಲ ಹೊಕ್ಕು ಹೊರಬಂದೆ. ಮೂರನೆಯ ಸಲ ಬಳೆಯಂಗಡಿಯವಳು ನನ್ನನ್ನು ಗುರುತು ಹಿಡಿದು ಮುಗುಳ್ನಕ್ಕಳು.

ಅಂಗಡಿ ಸಿಕ್ಕಿತು. ನಾನು ಕನ್ನಡದಲ್ಲಿ ನಮಸ್ಕಾರ ಹೇಳಿದರೆ ಗೋವಿಂದರಾಯರು "ಆಯಿಯೇ ಬೆಹನ್‌ಜೀ, ಬೈಠಿಯೇ" ಎಂದರು. ಗಿರಾಕಿಗೆ ತೆಲುಗಿನಲ್ಲಿ ವರ್ಣಿಸುತ್ತ ಸೀರೆಯ ಸೆರಗು ಬಿಚ್ಚಿ ತೋರಿಸಿದರು. ಮತ್ತೆ ನನ್ನತ್ತ ತಿರುಗಿ ಹಿಂದಿ. ಇವರು ಕನ್ನಡದವರು ಹೌದೋ ಅಲ್ಲವೋ ಎಂದು ನನಗೆ ಅನುಮಾನ ಬಂತು. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಮೆಟ್ಟಿಲು ಹತ್ತಿ ಮನೆಯೊಳಗೆ ಕಾಲಿಟ್ಟ ಮೇಲೆಯೇ ಅವರ ನಾಲಿಗೆ ತಿರುಗಿತು. "ಅಂಗಡ್ಯಾಗ ಕನ್ನಡ ಬಾಯಿಗೆ ಬರಂಗಿಲ್ರಿ. ಹೊಸ್ತಿಲ ದಾಟಿದ್ರ ತಾನ ಬರ್ತದ" ಎಂದು ನಕ್ಕು, ನನ್ನನ್ನು ಹೆಂಡತಿಗೆ ಒಪ್ಪಿಸಿ ಅಂಗಡಿಗೆ ಮರಳಿದರು.

ಸುಮಿತ್ರಾಬಾಯಿ ಇಸ್ತ್ರಿ ಮಾಡಿದ ಸೀರೆಯಲ್ಲಿದ್ದರು. ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ನಾನು ಬೀದಿಯ ಗದ್ದಲ ಹಿಡಿಯಲೆಂದು ಕಿಟಕಿಯ ಬಳಿ ರೆಕಾರ್ಡರು ಇಟ್ಟರೆ, ಅವರು ಹೋಗಿ ಕಿಟಕಿ ಮುಚ್ಚಿದರು. "ಹುಡುಗಿ ಮಾತು ಸ್ವಚ್ಛ ಕೇಳಲಿ ಬಿಡ್ರಿ" ಎಂದರು. ಆಮೇಲೆ ಪ್ರಶ್ನೆ ಕೇಳಬೇಕಾದ ನನ್ನನ್ನು ಅವರೇ ಕೇಳತೊಡಗಿದರು.

"ಗುಲ್ಬರ್ಗಾದಾಗ ನೀರು ದಿನಾ ಬರ್ತಾವೇನ್ರಿ ಬಾಯಾರ?"

"ಎಲ್ಲಿ ದಿನಾ? ನಾಕು ದಿನಕ್ಕೊಮ್ಮಿ ಬಂದ್ರ ನಮ್ಮ ಪುಣ್ಯ."

"ಮತ್ತ ಅಡಿಗಿ ಮನಿ? ಗಾಳಿ ಬೆಳಕು ಐತಲ್ಲ?"

"ಹಗಲಿನ್ಯಾಗೂ ಲೈಟ್ ಹಚ್ಚಬೇಕ್ರಿ" ಎಂದೆ. ನಾನು ನನ್ನ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದೆ. ಅವರ ಮುಖ ಯಾಕೆ ಸಪ್ಪಗಾಯಿತು ಎಂಬುದು ತಿಳಿಯಲಿಲ್ಲ.

ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಮಗಳು ವಿದ್ಯಾ ತಟ್ಟೆ ಹಿಡಿದು ಬಂದಳು. ಒಂದು ಪ್ಲೇಟಿನಲ್ಲಿ ಶಿರಾ, ಒಂದರಲ್ಲಿ ಉಪ್ಪಿಟ್ಟು. ನಮ್ಮ ಕಡೆಯ ಯಾವ ಹೆಂಗಸಿಗಾದರೂ ಅಲ್ಲೇ ತಲೆಯಲ್ಲಿ ದೀಪ ಹತ್ತಬೇಕಿತ್ತು. ನನಗೆ ಹೊಟ್ಟೆ ಹಸಿದಿತ್ತು, ಹೆಡ್‌ಫೋನ್ ಕಿವಿಯ ಮೇಲಿತ್ತು, ಹತ್ತಲಿಲ್ಲ. ತಾಯಿ ಹೇಳಿದರೆಂದು ಆಕೆ ಒಂದು ದೇವರ ಹಾಡು ಅರ್ಧ ಹಾಡಿದಳು. ಕನ್ನಡದವರ ದಿನನಿತ್ಯದ ಬದುಕು ಇಷ್ಟು ಶಿಸ್ತಿನದೇ ಎಂದು ನಾನು ಅಚ್ಚರಿಪಡುತ್ತ ಉಪ್ಪಿಟ್ಟು ಖಾಲಿ ಮಾಡಿದೆ.

ಕೋಣೆಯಲ್ಲಿ ಫೋಟೋಗೆ ಬೆಳಕು ಸಾಲದೆ ವಿದ್ಯಾಳನ್ನು ಮಾಳಿಗೆಗೆ ಕರೆದೊಯ್ದೆ. "ನಿನ್ನ ದಿನ ಹೆಂಗ ಹೋಗ್ತದ, ಅದನ್ನ ಹೇಳವ್ವ, ಸಾಕು" ಎಂದು ರೆಕಾರ್ಡರು ಮುಂದೆ ಹಿಡಿದೆ. ಮೊದಲು ತಡವರಿಸಿದಳು. ಆಮೇಲೆ ಕೋಠಿಯಿಂದ ಅಮೀರ್‌ಪೇಟ್‌ಗೆ ಹೋಗುವ ಬಸ್ಸಿನ ನೂಕುನುಗ್ಗಲು, ಕ್ಲಾಸಿನಲ್ಲಿ ಕಂಪ್ಯೂಟರಿಗಿಂತ ಕಲಿಯುವವರೇ ಹೆಚ್ಚಾಗಿ ಸರದಿಯಲ್ಲಿ ನಿಲ್ಲುವುದು, ಹಾಸ್ಟೆಲಿನ ಗೆಳತಿಯರು ಈಕೆಯ ಡಬ್ಬಿಯ ಜೋಳದ ರೊಟ್ಟಿಗೆ ಕಾಯುವುದು, ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ಗಟ್ಟಿಯಾಯಿತು.

"ನನಗ ಹೈಟೆಕ್ ಸಿಟಿ ಕಡೆ ಒಂದು ಕಂಪನ್ಯಾಗ ನೌಕರಿ ಸಿಕ್ಕೈತ್ರಿ. ಸೋಮವಾರ ಸೇರಬೇಕು. ಅಪ್ಪ ಹೂಂ ಅಂದಾರ. ಅವ್ವ ಮಾತ್ರ, ಹುಡುಗನ ಮನಿಯವರು ಹೂಂ ಅನ್ನೋತನಕ ಬ್ಯಾಡ ಅಂತಾಳ. ನಮ್ಮವ್ವ ಅಂಗಡಿ ಸೀರಿಗೆ ಫಾಲ್ ಹಚ್ಚಿ ಹಚ್ಚಿ ನನ್ನ ಫೀಸ್ ಕಟ್ಯಾಳ. ಬೆರಳ ತುಂಬ ಸೂಜಿ ಗಾಯ. ಈಗ ನಾ ಯಾರದೋ ಹೂಂ ಸಲುವಾಗಿ ಮನ್ಯಾಗ ಕೂಡೋದಾದ್ರ, ಆಕಿ ಆ ಫಾಲ್ ಯಾಕ ಹಚ್ಚಿದ್ಲು?" ಎಂದು ಉಸಿರೆಳೆದುಕೊಂಡು, "ಇದನ್ನ ನಿಮ್ಮ ಹುಡುಗಗ ಕೇಳಸ್ರಿ" ಎಂದಳು.

"ಯಾವ ಹುಡುಗ?"

"ನೀವು... ಹುಡುಗನ ಕಡೆಯವರಲ್ಲೇನ್ರಿ ಆಂಟಿ?"

ಆಗ ದೀಪ ಹತ್ತಿತು. ಗುಲ್ಬರ್ಗಾದ ಒಂದು ಮನೆತನದೊಂದಿಗೆ ಈಕೆಯ ಮದುವೆಯ ಮಾತು ನಡೆದಿತ್ತು. ಹಿರಿಯರು ಬರುವ ಮೊದಲು, ಏನೋ ನೆಪ ಹೇಳಿ ಒಬ್ಬ ಹೆಂಗಸನ್ನು ಕಳಿಸಿ ಹುಡುಗಿಯನ್ನೂ ಮನೆಯನ್ನೂ ನೋಡಿಸುವುದು ನಮ್ಮಲ್ಲಿ ಇದ್ದದ್ದೇ; ಕನ್ಯೆ ನೋಡಲು ಬಂದವರಿಗೆ ಶಿರಾ-ಉಪ್ಪಿಟ್ಟು ಕೊಡುವುದೂ. ನಾನು ಫೋನಿನಲ್ಲಿ ಮನೆ ನೋಡಬೇಕು, ಮಗಳ ಜೊತೆ ಮಾತಾಡಬೇಕು ಎಂದಿದ್ದೆ. ವೆಬ್‌ಸೈಟಿನ ನನ್ನ ವಿವರಣೆಯನ್ನೆಲ್ಲ ಸುಮಿತ್ರಾಬಾಯಿ ನೆಪವೆಂದುಕೊಂಡಿದ್ದರು. ನೆಪಕ್ಕೆ ಅದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ, ನಿಜ.

ವಿದ್ಯಾ ನೀರಿನ ಟಾಕಿಗೆ ಒರಗಿ ನಕ್ಕಳು, ನಗು ನಿಂತ ಮೇಲೆ ನನ್ನ ಕೈ ಹಿಡಿದಳು. "ಅವ್ವಗ ಹೇಳಬ್ಯಾಡ್ರಿ ಆಂಟಿ. ಕೆಳಗ ಹೋಗಿ, 'ಹುಡುಗಿ ನೌಕರಿ ಮಾಡಿದ್ರ ನಮಗೇನು ಅಡ್ಡಿ ಇಲ್ಲ' ಅಂದುಬಿಡ್ರಿ. ನನ್ನ ಸೋಮವಾರ ಉಳೀತದ."

ಮೆಟ್ಟಿಲಿಳಿಯುತ್ತ ಲೆಕ್ಕ ಹಾಕಿದೆ. ಒಂದು ಮಾತು ಹೇಳಿದರೆ ಹುಡುಗಿಗೆ ನೌಕರಿ, ಆದರೆ ಕಾಣದ ಮನೆತನದ ಪರವಾಗಿ ಮಾತು ಕೊಡಲು ನಾನು ಯಾರು? ನಿಜವಾದವರು ಬಂದು ಬೇರೆ ಹೇಳಿದರೆ ಈ ತಾಯಿ ಯಾರನ್ನು ನಂಬಬೇಕು? ನಿರ್ಧಾರ ಮಾಡುವ ಮೊದಲೇ ಸುಮಿತ್ರಾಬಾಯಿ ಎದುರಾದರು.

"ಹುಡುಗಿ ಹೆಂಗ ಅನಿಸಿದ್ಲ್ರಿ?"

"ಭಾಳ ಛಲೋ ಹುಡುಗಿ. ಆದ್ರ ನಾ ಹುಡುಗನ ಕಡೆಯಾಕಿ ಅಲ್ರಿ. ಯಾರ ಕಡೆಯಾಕಿನೂ ಅಲ್ಲ" ಎಂದುಬಿಟ್ಟೆ. ಹಿಂದೆ ನಿಂತಿದ್ದ ವಿದ್ಯಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅವರು ಖಾಲಿ ಪ್ಲೇಟುಗಳನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಮತ್ತ ಇಷ್ಟು ಹೊತ್ತು ಆಕಿ ಮಾತು ಯಾರ ಸಲುವಾಗಿ ಕೇಳಿದ್ರಿ?" ಎಂದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಆಕಿ ಸಲುವಾಗಿನ" ಎಂದೆ.

ಪ್ಲೇಟುಗಳನ್ನು ಬದಿಗೆ ಸರಿಸಿ, "ಏನು ಮಾತಾಡ್ಯಾಳ ನೋಡೂಣು" ಎಂದು ಕೈ ಚಾಚಿದರು. ನಾನು ವಿದ್ಯಾಳತ್ತ ತಿರುಗಿದೆ. ಆಕೆ ತಲೆಯಾಡಿಸಿದಳು. ಹೆಡ್‌ಫೋನ್ ಅವರ ತುರುಬಿನ ಮೇಲೆ ಕೂರದೆ ಜಾರುತ್ತಿತ್ತು. ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೇಳಿದರು. ಜೋಳದ ರೊಟ್ಟಿಯ ಮಾತು ಬಂದಾಗ ನಕ್ಕರು. ಆಮೇಲೆ ನಗು ಹೋಯಿತು. ಒಂದು ಕೈ ಕೆಳಗಿಳಿಸಿ ತಮ್ಮ ಬೆರಳುಗಳನ್ನೇ ನೋಡುತ್ತ ಕೂತರು. ನನಗೆ ಹೊರಗೆ ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ.

ಹೆಡ್‌ಫೋನ್ ತೆಗೆದು ಕೆಳಗಿಟ್ಟು ಅವರು ಹೇಳಿದ್ದು ಇಷ್ಟು: "ಇದರದೊಂದು ಸಿಡಿ ಮಾಡಿಕೊಡ್ರಿ. ಆ ಖರೇ ಮಂದಿ ಬಂದಾಗ ಮೊದಲ ಇದನ್ನ ಹಚ್ಚತೀನಿ. ಕೇಳಿ ಎದ್ದು ಹೋಗೋರು ಶಿರಾ ತಿನ್ನೂಕಿಂತ ಮೊದಲ ಎದ್ದು ಹೋಗ್ಲಿ. ರವಾ ತುಪ್ಪ ಆದ್ರೂ ಉಳೀತದ."

ರಾತ್ರಿ ನನ್ನನ್ನು ತಮ್ಮ ಮನೆಯಲ್ಲೇ ಉಳಿಸಿಕೊಂಡರು. ಭಾನುವಾರ ಕೋಠಿಯ ಇಂಟರ್‌ನೆಟ್ ಸೆಂಟರಿನಲ್ಲಿ ಸಿಡಿ ಮಾಡಿಸಿಕೊಟ್ಟೆ. ಚಾರ್‌ಮಿನಾರ್ ನೋಡಲು ಹೊರಟು, ದಾರಿ ತಪ್ಪಿ, ನೋಡದೆಯೇ ಬಂದೆ.

ಸೋಮವಾರ ಬೆಳಿಗ್ಗೆ ವಿದ್ಯಾ ಹೈಟೆಕ್ ಸಿಟಿಯ ಬಸ್ಸು ಹತ್ತಿದಳು. ಮಗಳನ್ನು ಕಳಿಸಿ ಸುಮಿತ್ರಾಬಾಯಿ ನನ್ನನ್ನು ಬೀಳ್ಕೊಡಲು ಇಮ್ಲಿಬನ್‌ಗೆ ಬಂದರು, ಕೈಯಲ್ಲಿ ಬಿಸಿ ಶಿರಾದ ಡಬ್ಬಿ. ನಾನು ಕಿಟಕಿಯ ಪಕ್ಕ ಕೂತೆ. ಕಂಡಕ್ಟರು ಸೀಟಿ ಊದುವ ಹೊತ್ತಿಗೆ ಅವರು ಕಿಟಕಿಯ ಸರಳು ಹಿಡಿದು, ಸುತ್ತ ಜನರಿದ್ದಾರೆ ಎಂಬುದನ್ನೂ ಮರೆತು ಕನ್ನಡದಲ್ಲಿ ಕೇಳಿದರು.

"ಬಾಯಾರ, ಮುಂದಿನ ಸಲ ಬಂದಾಗ ನನ್ನ ಮಾತೂ ಕೇಳ್ತೀರೇನ್ರಿ?"

ಅವಸರದಲ್ಲಿ ಚೀಲ ಎಳೆದುಕೊಂಡು, ಕಂಡಕ್ಟರನ ಕೈಯಲ್ಲಿ ತೆಲುಗಿನಲ್ಲಿ ಬೈಸಿಕೊಂಡು ಇಳಿದೆ. ಗುಲ್ಬರ್ಗಾದ ಬಸ್ಸು ನನ್ನನ್ನು ಬಿಟ್ಟು ಗೇಟು ದಾಟಿತು. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತು ರೆಕಾರ್ಡರಿನ ಗುಂಡಿ ಒತ್ತಿದೆ.

"ಎಲ್ಲಿಂದ ಹೇಳ್ಲಿ?" ಎಂದು ಅವರು ಸೆರಗು ಸರಿಪಡಿಸಿಕೊಂಡರು.