ನೂರಾರು ಮನೆಗೆ ಒಂದೇ ವಿಳಾಸ

ಚನ್ನರಾಯಪಟ್ಟಣದಲ್ಲಿ ಮನೆಮನೆಗೆ ಇಂಟರ್‌ನೆಟ್ ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಲೈನ್ ನೋಡಿಕೊಳ್ಳುತ್ತಿದ್ದೆ. ಕಂಬಕ್ಕೆ ಕೇಬಲ್ ಎಳೆಯುವುದು, ರೂಟರ್ ಕೂರಿಸುವುದು, ಕೋತಿ ಕಿತ್ತದ್ದನ್ನು ಜೋಡಿಸುವುದು. ದಂಡಿಗನಹಳ್ಳಿ ಕಡೆಯ ಮನೆಗಳೆಲ್ಲ ನನ್ನ ಪಾಲಿಗೆ.

ಅಲ್ಲೊಬ್ಬ ಹೆಂಗಸು ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಹೊಸ ಡಿಸೈನ್ ನೋಡಲೆಂದೇ ನೆಟ್ ಹಾಕಿಸಿಕೊಂಡವರು. ಒಂದು ಬೆಳಿಗ್ಗೆ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿದರು.

"ಅಣ್ಣಾ, ಪೊಲೀಸ್ನೋರು ಬಂದು ನನ್ ಮೊಬೈಲ್ ತಗಂಡ್ ಹೋದ್ರು. ಯಾವ್ದೋ ಹುಡ್ಗಿ ಬಗ್ಗೆ ಕೆಟ್ಟದಾಗಿ ಬರ್ದಿದೀನಂತೆ. ಬೀದಿ ಜನ ಎಲ್ಲಾ ನೋಡ್ತಾ ನಿಂತಿದ್ರು ಕಣಣ್ಣ."

ಸುಳ್ಳು ಖಾತೆ ತೆರೆದು ಯಾರೋ ಊರಿನ ಹುಡುಗಿಯ ಮೇಲೆ ಅಸಹ್ಯ ಬರೆದಿದ್ದರು. ಅದನ್ನು ಬರೆದ ಸಂಪರ್ಕದ ಇಂಟರ್‌ನೆಟ್ ವಿಳಾಸದ ಅಂಕಿಗಳನ್ನು ಹಿಡಿದು ಪೊಲೀಸರು ನಮ್ಮಲ್ಲಿಗೆ ಬಂದಿದ್ದರು. ಈ ಹೆಂಗಸಿನ ಹೆಸರು ಕೊಟ್ಟವರು ನಮ್ಮ ಓನರ್.

"ಆ ಟೈಮಲ್ಲಿ ಆ ಊರಲ್ಲಿ ಆಯಮ್ಮಂದೇ ನೆಟ್ ಜಾಸ್ತಿ ಓಡ್ತಿತ್ತು ಕಣ್ಲಾ," ಎಂದರು. "ಪೊಲೀಸ್ನೋರ್ಗೆ ಏನಾದ್ರೂ ಒಂದ್ ಹೇಳ್ಬೇಕಲ್ಲ."

ನನ್ನ ಮೈ ಉರಿದುಹೋಯಿತು. ಹಳೆಯ ಬಗೆಯ ವಿಳಾಸಗಳು ಖಾಲಿಯಾಗಿ ಎಷ್ಟೋ ಕಾಲವಾಗಿದೆ. ಅದಕ್ಕೇ ನಮ್ಮ ಸಂಸ್ಥೆ ಇದ್ದ ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚಿತ್ತು. ಹೊರಗಿನವರಿಗೆ ಅಷ್ಟೂ ಮನೆ ಒಂದೇ ಮನೆಯಂತೆ ಕಾಣುತ್ತದೆ. ಮನೆಮನೆಗೂ ಪ್ರತ್ಯೇಕ ವಿಳಾಸ ಕೊಡುವ ಐಪಿವಿ6 ಶುರುಮಾಡಿ ಎಂದು ನಾನು ಎಷ್ಟು ಸಲ ಕೇಳಿದ್ದೆ! "ಹಳೇದು ನಡೀತಿಲ್ವಾ? ಸುಮ್ಕಿರು" ಎನ್ನುವುದೇ ಅವರ ಉತ್ತರ.

ಮಧ್ಯಾಹ್ನ ನಾನೇ ಠಾಣೆಗೆ ಹೋದೆ. ಎಸ್ಐ ನನ್ನ ವಿವರಣೆ ಕೇಳಿ, ನಂಬದೆ ನಕ್ಕರು. ಪಕ್ಕದಲ್ಲಿದ್ದ ಕಾನ್‌ಸ್ಟೇಬಲ್ ಮನೆಗೂ ನಮ್ಮದೇ ನೆಟ್.

"ಸಾ, ಇವರ ಮನೇಲಿ ನೆಟ್ ವಿಳಾಸ ಏನು ತೋರಿಸ್ತದೆ ಅಂತ ಕೇಳಿ," ಎಂದೆ.

ಕಾನ್‌ಸ್ಟೇಬಲ್ ಹೆಂಡತಿಗೆ ಫೋನ್ ಮಾಡಿದರು. ನಾನು ಹೇಳಿದ ವೆಬ್ ಪುಟ ತೆರೆದು ಆಕೆ ಅಂಕಿಗಳನ್ನು ಒಂದೊಂದಾಗಿ ಓದಿದರು. ದೂರಿನಲ್ಲಿದ್ದ ಅಂಕಿಗಳೇ. ಕಾನ್‌ಸ್ಟೇಬಲ್ ಮುಖ ಕಪ್ಪಿಟ್ಟಿತು.

"ಅಯ್ಯೋ ಸಾ, ನಮ್ಮನೇಲಿ ಯಾರೂ ಅಂಥೋರಲ್ಲ ಸಾ!"

"ಆಯಮ್ಮನೂ ಹಂಗೇ ಹೇಳಿದ್ದು," ಎಂದೆ. ನನ್ನ ದನಿ ಜೋರಾಗಿಯೇ ಇತ್ತು.

ಎಸ್ಐ ನಗಲಿಲ್ಲ. ಎರಡು ದಿನದಲ್ಲಿ ಮೊಬೈಲ್ ವಾಪಸ್ ಬಂತು. ಬರೆದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಯಾವ ಮನೆ ಎಷ್ಟು ನೆಟ್ ಬಳಸಿತೆಂಬ ಲೆಕ್ಕ ಬಿಟ್ಟರೆ, ಯಾವ ಮನೆಯಿಂದ ಯಾವಾಗ ಏನು ಹೋಯಿತೆಂಬ ದಾಖಲೆಯನ್ನೇ ನಾವು ಇಟ್ಟಿರಲಿಲ್ಲ. ಪೊಲೀಸರಿಂದ ನೋಟಿಸ್ ಬಂದಮೇಲೆ ಓನರ್ ಐಪಿವಿ6ಗೆ ಒಪ್ಪಿದರು. ನಮ್ಮ ಕಡೆಯ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಒಂದು ಮಧ್ಯಾಹ್ನ! ಅಷ್ಟಕ್ಕೆ ಸೋಮಾರಿತನ ಮಾಡಿ ಒಬ್ಬರ ಮಾನ ಬೀದಿಗೆ ತಂದಿದ್ದೆವು.

ಹೊಸ ರೂಟರ್ ಹಿಡಿದು ಆ ಹೆಂಗಸಿನ ಮನೆಗೆ ಹೋದಾಗ ಹೊಲಿಗೆ ಮಿಷಿನ್ ಸುಮ್ಮನಿತ್ತು. ಬಟ್ಟೆ ಕೊಟ್ಟಿದ್ದವರು ಬಂದು ವಾಪಸ್ ಒಯ್ದಿದ್ದರಂತೆ. ತಪ್ಪಾಯಿತಮ್ಮ ಎಂದೆ.

"ನೀನ್ಯಾಕಣ್ಣ ಹೇಳೀಯ? ಹೆಸ್ರು ಕೊಟ್ಟೋರು ಬಂದು ಇದೇ ಬೀದೀಲಿ ನಿಂತು ಹೇಳ್ಲಿ."

ಆ ಮಾತನ್ನು ಹಾಗೆಯೇ ಓನರ್‌ಗೆ ತಲುಪಿಸಿ, ಆ ತಿಂಗಳೇ ಕೆಲಸ ಬಿಟ್ಟೆ. ಓನರ್ ಇವತ್ತಿನವರೆಗೂ ಆ ಬೀದಿಗೆ ಹೋಗಿಲ್ಲ.